ಕೆಸರಿನ ಕಪ್ಪೆಗೆ ಗಾಯ ಕೊಳೆಯುವುದಿಲ್ಲವೇಕೆ?

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ನಾನು ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವವಳು. ಬಿ.ಎಡ್. ಮಾಡಿದ್ದೂ ಭಾಷಾ ವಿಷಯಗಳಲ್ಲೇ. ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಕಪ್ಪೆಯ ರೋಗ ನಿರೋಧಕ ಶಕ್ತಿ' ಎಂದು ಇರುವುದನ್ನು ನೋಡಿ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕದ್ದನ್ನು ಗಮನಿಸಿದ್ದೇನೆ. ನಗಲಿ. ಈ ವಿಷಯ ನನ್ನ ಬಳಿ ಬಂದದ್ದೇ ಭಾಷೆಯ ಬಾಗಿಲಿನಿಂದ. ಉರ್ದುವಿನಲ್ಲಿ ಒಂದು ಮುಹಾವರಾ ಇದೆ, 'ಮೇಂಡಕೀ ಕೋ ಭೀ ಝುಕಾಮ್ ಹುವಾ'. ಕಪ್ಪೆಗೂ ನೆಗಡಿಯಾಯಿತಂತೆ ಎಂದು ಅದರ ಅರ್ಥ. ಯೋಗ್ಯತೆಗೆ ಮೀರಿ ಬಿಂಕ ತೋರಿಸುವವರನ್ನು ಚುಚ್ಚಲು ಹಿರಿಯರು ಆಡುವ ಮಾತು. ಹಗಲೂ ರಾತ್ರಿ ನೀರಿನಲ್ಲೇ ಬಿದ್ದಿರುವ ಕಪ್ಪೆಗೆ ಎಲ್ಲಿಯ ನೆಗಡಿ ಎಂಬುದು ಅದರೊಳಗಿನ ತಮಾಷೆ.

ಒಂಬತ್ತನೆಯ ತರಗತಿಯಲ್ಲಿ ಈ ಮುಹಾವರಾ ವಿವರಿಸುತ್ತಿದ್ದಾಗ ಅವರ್ಸಾ ಕಡೆಯಿಂದ ಬರುವ ಹುಡುಗನೊಬ್ಬ ಎದ್ದು ನಿಂತ. "ಟೀಚರ್, ಕಪ್ಪೆಗೆ ನೆಗಡಿ ಆಗ್ತದೋ ಇಲ್ವೋ ಗೊತ್ತಿಲ್ಲ. ಆದ್ರೆ ಗಾಯ ಕೊಳೆಯೂದಿಲ್ಲ" ಅಂದ. ತರಗತಿಯೆಲ್ಲ ನಕ್ಕಿತು. ಅವನು ಮಾತ್ರ ಕೂರಲಿಲ್ಲ. ಮಳೆಗಾಲದ ಮೊದಲ ಉಳುಮೆಯ ದಿನ ಅವರ ಗದ್ದೆಯಲ್ಲಿ ಟಿಲ್ಲರಿನ ಅಲಗು ತಾಗಿ ದೊಡ್ಡ ಕಪ್ಪೆಯೊಂದರ ಬೆನ್ನು ಸೀಳಿತ್ತಂತೆ. ಅದೇ ದಿನ ಅದೇ ಗದ್ದೆಯಲ್ಲಿ ಇವನ ಅಂಗಾಲಿಗೆ ಗಾಜಿನ ಚೂರು ಹೊಕ್ಕಿತು. ವಾರ ಕಳೆಯುವಷ್ಟರಲ್ಲಿ ಇವನ ಕಾಲು ಕೀವು ತುಂಬಿ ಊದಿಕೊಂಡಿತು, ಜ್ವರ ಬಂತು, ಇಂಜೆಕ್ಷನ್ ಬೇಕಾಯಿತು. ಹತ್ತು ದಿನ ಬಿಟ್ಟು ಕುಂಟುತ್ತ ಗದ್ದೆಯ ಅಂಚಿಗೆ ಹೋದರೆ ಅದೇ ಕಪ್ಪೆ, ಬೆನ್ನ ಮೇಲೆ ಒಣಗಿದ ಒಂದು ಗೆರೆ ಇಟ್ಟುಕೊಂಡು ಕುಳಿತಿತ್ತು. "ಕೆಸರು ಒಂದೇ ಟೀಚರ್. ನನಗೆ ಯಾಕೆ ಕೀವಾಯ್ತು, ಅದಕ್ಕೆ ಯಾಕೆ ಆಗಲಿಲ್ಲ?"

ನನ್ನ ಬಳಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಅಂದೆ. ಆ 'ನಾಳೆ' ಬರಲು ಒಂದು ವರ್ಷ ಹಿಡಿಯಿತು. ನಮ್ಮ ವಿಜ್ಞಾನ ಶಿಕ್ಷಕರನ್ನು ಕಾಡಿದೆ, ಕಾಲೇಜಿನ ಪ್ರಾಣಿಶಾಸ್ತ್ರದ ಉಪನ್ಯಾಸಕರ ಮನೆ ಬಾಗಿಲಿಗೆ ಹೋದೆ, ಅವರು ಕೊಟ್ಟ ಪುಸ್ತಕಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಅಷ್ಟು ಹಟ ಹಿಡಿಯಲು ನನ್ನ ಮನೆಯಲ್ಲೇ ಒಂದು ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕಪ್ಪೆಯ ಚರ್ಮವನ್ನು ನೋಡೋಣ. ನಮ್ಮ ಚರ್ಮದ ಹೊರಗೆ ಸತ್ತ ಜೀವಕೋಶಗಳ ಒಣ ಪದರವೊಂದು ಕೋಟೆಯ ಗೋಡೆಯ ಹಾಗೆ ಇದೆ. ಗೋಡೆ ಒಡೆಯದಿದ್ದರೆ ಬ್ಯಾಕ್ಟೀರಿಯಾ ಸುಲಭವಾಗಿ ಒಳಗೆ ಬರಲಾರದು. ಕಪ್ಪೆಗೆ ಅಂಥ ಗೋಡೆ ಕಟ್ಟಿಕೊಳ್ಳುವ ಅನುಕೂಲವಿಲ್ಲ. ಅದು ಶ್ವಾಸಕೋಶದ ಜೊತೆಗೆ ಚರ್ಮದಿಂದಲೂ ಉಸಿರಾಡುತ್ತದೆ. ನೀರನ್ನು ಬಾಯಿಯಿಂದ ಕುಡಿಯುವುದಿಲ್ಲ, ಹೊಟ್ಟೆಯ ಕೆಳಗಿನ ಚರ್ಮದಿಂದ ಹೀರಿಕೊಳ್ಳುತ್ತದೆ. ಗಾಳಿ, ನೀರು ಎರಡೂ ಹಾದು ಹೋಗಬೇಕಾದರೆ ಚರ್ಮ ತೆಳ್ಳಗಿರಬೇಕು, ಸದಾ ಒದ್ದೆಯಾಗಿರಬೇಕು. ತೆಳ್ಳಗಿನ ಒದ್ದೆ ಚರ್ಮವೆಂದರೆ ಬ್ಯಾಕ್ಟೀರಿಯಾಗಳಿಗೆ ಬಹಳ ಇಷ್ಟದ ಜಾಗ. ಅಂಥ ಚರ್ಮ ಹೊತ್ತುಕೊಂಡು ಕಪ್ಪೆ ಸೆಗಣಿ, ಕೊಳೆತ ಎಲೆ, ಸತ್ತ ಹುಳು ಎಲ್ಲ ಬೆರೆತ ಗದ್ದೆಯ ನೀರಿನಲ್ಲಿ ಬದುಕುತ್ತದೆ. ಲೆಕ್ಕದ ಪ್ರಕಾರ ಅದು ಒಂದು ವಾರವೂ ಉಳಿಯಬಾರದು!

ಹುಡುಗ ನೋಡಿದ್ದು ಗೂಳಿಗಪ್ಪೆ. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಗದ್ದೆಗಳಲ್ಲಿ ಗಂಡುಗಳು ನಿಂಬೆಹಣ್ಣಿನಂಥ ಹಳದಿ ಬಣ್ಣ ತಳೆದು, ಗಂಟಲಿನ ಎರಡೂ ಪಕ್ಕ ನೀಲಿ ಚೀಲ ಉಬ್ಬಿಸಿ ಕೂಗುವುದನ್ನು ನೀವೆಲ್ಲ ನೋಡಿದ್ದೀರಿ. ಪಿಯುಸಿಯಲ್ಲಿ ವಿಜ್ಞಾನ ಓದಿದ ಹಿರಿಯರಿಗೆ 'ರಾನಾ ಟೈಗ್ರಿನಾ' ಎಂಬ ಹೆಸರು ನೆನಪಿರಬಹುದು. ಮೇಣದ ತಟ್ಟೆಯ ಮೇಲೆ ಗುಂಡುಸೂಜಿ ಚುಚ್ಚಿ ಅವರು ಕೊಯ್ದದ್ದು ಇದೇ ಕಪ್ಪೆಯನ್ನು. ಈಗ ಅದರ ಶಾಸ್ತ್ರೀಯ ಹೆಸರು 'ಹೊಪ್ಲೊಬ್ಯಾಟ್ರಾಕಸ್ ಟೈಗರಿನಸ್'. ನಮ್ಮ ಜಿಲ್ಲೆ ಕಪ್ಪೆಗಳ ವಿಷಯದಲ್ಲಿ ಬಡ ಜಿಲ್ಲೆಯಲ್ಲ. ಮೊಟ್ಟೆಗಳಿಗೆ ಕುಂಬಾರನ ಹಾಗೆ ಕೈಯಿಂದ ಮಣ್ಣು ಮೆತ್ತುವ 'ಕುಂಬಾರ ಕಪ್ಪೆ'ಯನ್ನು ಡಾ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಲೋಕಕ್ಕೆ ಪರಿಚಯಿಸಿದ್ದು ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಿಂದ. 2016ರಲ್ಲಿ ನಮ್ಮ ಕರಾವಳಿಯ ಬಯಲಿನಿಂದಲೇ ಇನ್ನೊಂದು ಹೊಸ ಕಪ್ಪೆ ವರದಿಯಾಯಿತು. ಅದಕ್ಕೆ 'ಕರಾವಳಿ' ಎಂದೇ ಹೆಸರಿಟ್ಟರು. ಅದರ ಕೂಗು ಮಿಂಚುಳ್ಳಿ ಹಕ್ಕಿಯ ಕೂಗಿನಂತಿದೆಯಂತೆ. ಮನೆಯ ಹಿಂದಿನ ಹೊಂಡದಲ್ಲಿ ಕೂಗುವುದು ಹಕ್ಕಿಯೋ ಕಪ್ಪೆಯೋ ಎಂದು ಇನ್ನು ಮುಂದೆ ಸ್ವಲ್ಪ ಕಿವಿಗೊಡಿ.

ಅವರ್ಸಾದ ಹುಡುಗ ಕೇಳಿದ ಪ್ರಶ್ನೆಯನ್ನೇ ಸಾವಿರಾರು ಮೈಲಿ ಆಚೆ ಒಬ್ಬ ವಿಜ್ಞಾನಿ ಕೇಳಿಕೊಂಡಿದ್ದರು. ಅವರ ಹೆಸರು ಮೈಕೆಲ್ ಝಾಸ್ಲಾಫ್. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಅವರ ಪ್ರಯೋಗಗಳಿಗೆ ಆಫ್ರಿಕದ ಉಗುರುಗಪ್ಪೆಯ ಮೊಟ್ಟೆಗಳು ಬೇಕಾಗುತ್ತಿದ್ದವು. ಹೊಟ್ಟೆ ಕೊಯ್ದು ಮೊಟ್ಟೆ ತೆಗೆದು, ಹೊಲಿಗೆ ಹಾಕಿ, ಕಪ್ಪೆಯನ್ನು ಮತ್ತೆ ತೊಟ್ಟಿಗೆ ಬಿಡುತ್ತಿದ್ದರು. ತೊಟ್ಟಿಯ ನೀರು ಶುದ್ಧವಾಗಿರಲಿಲ್ಲ, ಬ್ಯಾಕ್ಟೀರಿಯಾ ತುಂಬಿತ್ತು. ಆದರೂ ಗಾಯಗಳು ಕೀವಾಗದೆ ಮಾಯುತ್ತಿದ್ದವು. ಇದನ್ನು ಅವರಿಗಿಂತ ಮೊದಲು ಎಷ್ಟೋ ಪ್ರಯೋಗಾಲಯಗಳಲ್ಲಿ ಎಷ್ಟೋ ಜನ ನೋಡಿರಲೇಬೇಕು. ನೋಡಿ ಸುಮ್ಮನಿದ್ದರು. ಝಾಸ್ಲಾಫ್ ಸುಮ್ಮನಿರಲಿಲ್ಲ. ಕಪ್ಪೆಯ ಚರ್ಮದಿಂದ ಎರಡು ಪುಟ್ಟ ಪದಾರ್ಥಗಳನ್ನು ಬೇರ್ಪಡಿಸಿ 1987ರಲ್ಲಿ ಪ್ರಕಟಿಸಿದರು. ಅವುಗಳಿಗೆ 'ಮ್ಯಾಗೈನಿನ್' ಎಂದು ಹೆಸರಿಟ್ಟರು. ಹೀಬ್ರೂ ಭಾಷೆಯಲ್ಲಿ 'ಮಾಗೇನ್' ಎಂದರೆ ಗುರಾಣಿ. ಇದಕ್ಕೂ ಮೊದಲೇ, 1970ರ ಸುಮಾರಿಗೆ, ಯುರೋಪಿನ ಬೇರೊಂದು ಕಪ್ಪೆಯಲ್ಲಿ ಇಂಥದ್ದು ಸಿಕ್ಕಿತ್ತು. ಆದರೆ ಜಗತ್ತು ತಿರುಗಿ ನೋಡಿದ್ದು ಮ್ಯಾಗೈನಿನ್ ಬಂದ ಮೇಲೆ.

ಈ ಪದಾರ್ಥಗಳಿಗೆ ಪೆಪ್ಟೈಡ್ ಎನ್ನುತ್ತಾರೆ. ಪ್ರೋಟೀನು ಅಮೈನೋ ಆಮ್ಲಗಳ ಉದ್ದನೆಯ ಸರವಾದರೆ ಪೆಪ್ಟೈಡು ಅದರ ಚಿಕ್ಕ ತುಂಡು. ಮ್ಯಾಗೈನಿನ್‌ನಲ್ಲಿ ಕೇವಲ 23 ಮಣಿಗಳಿವೆ. ಇಷ್ಟು ಚಿಕ್ಕದು ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಹೇಗೆ? ಬ್ಯಾಕ್ಟೀರಿಯಾದ ಹೊರಪೊರೆಯ ಮೇಲೆ ಋಣ ವಿದ್ಯುದಂಶ ಹೆಚ್ಚು. ಪೆಪ್ಟೈಡಿನ ಮೇಲೆ ಧನ ವಿದ್ಯುದಂಶ. ಎಂಟನೆಯ ತರಗತಿಯಲ್ಲಿ ಬಾಚಣಿಗೆ ಉಜ್ಜಿ ಕಾಗದದ ಚೂರು ಎತ್ತಿದ್ದು ನೆನಪಿದೆಯಲ್ಲ, ಅಂಥದೇ ಸೆಳೆತದಿಂದ ಪೆಪ್ಟೈಡು ಹೋಗಿ ಬ್ಯಾಕ್ಟೀರಿಯಾಕ್ಕೆ ಅಂಟಿಕೊಳ್ಳುತ್ತದೆ. ನೀರಿನಲ್ಲಿದ್ದಾಗ ಅದಕ್ಕೆ ನಿಶ್ಚಿತ ಆಕಾರವಿಲ್ಲ. ಪೊರೆಯನ್ನು ಮುಟ್ಟಿದೊಡನೆ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. ಸುರುಳಿಯ ಒಂದು ಮಗ್ಗುಲು ನೀರಿಗೆ ಒಗ್ಗುವಂಥದು, ಇನ್ನೊಂದು ಮಗ್ಗುಲು ಎಣ್ಣೆಗೆ ಒಗ್ಗುವಂಥದು. ಪೊರೆಯೆಂದರೆ ಎಣ್ಣೆಯಂಥದೇ ಪದರವಾದ್ದರಿಂದ ಅದರೊಳಗೆ ತೂರಿಕೊಂಡು, ಹಲವು ಸೇರಿ ತೂತು ಮಾಡುತ್ತವೆ. ತೂತಾದ ಬ್ಯಾಕ್ಟೀರಿಯಾ ತೂತಾದ ಕೊಡದಂತೆ ಸೋರಿ ಸಾಯುತ್ತದೆ. ಕಪ್ಪೆಯ ಸ್ವಂತ ಜೀವಕೋಶಗಳ ಹೊರಮೈಯಲ್ಲಿ ಋಣಾಂಶ ಅಷ್ಟಿಲ್ಲ, ಕೊಲೆಸ್ಟೆರಾಲ್ ಕೂಡ ಪೊರೆಯನ್ನು ಬಿಗಿಯಾಗಿಡುತ್ತದೆ. ಹಾಗಾಗಿ ತನ್ನ ಆಯುಧ ತನಗೇ ತಾಗುವುದು ಕಡಿಮೆ.

ಇದನ್ನು ಇಟ್ಟುಕೊಳ್ಳುವ ವ್ಯವಸ್ಥೆಯೂ ಚೆನ್ನಾಗಿದೆ. ಚರ್ಮದೊಳಗೆ ಚಿಕ್ಕ ಚಿಕ್ಕ ಚೀಲಗಳಂಥ ಗ್ರಂಥಿಗಳಿವೆ, ಸುತ್ತ ತೆಳ್ಳನೆಯ ಸ್ನಾಯುವಿನ ಹೊದಿಕೆ. ಕಪ್ಪೆಗೆ ಗಾಯವಾದರೆ, ಹಾವು ಹಿಡಿದರೆ, ಗಾಬರಿಯಾದರೆ ನರಗಳಿಂದ ಆದೇಶ ಬರುತ್ತದೆ. ಪರೀಕ್ಷೆಯ ಹಾಲಿನಲ್ಲಿ ನಿಮ್ಮ ಎದೆ ಬಡಿಸುವ ಅಡ್ರಿನಲಿನ್ ಬಗೆಯ ರಾಸಾಯನಿಕಗಳೇ ಅಲ್ಲಿಯೂ ಕೆಲಸ ಮಾಡುತ್ತವೆ. ಸ್ನಾಯು ಬಿಗಿಯುತ್ತದೆ, ಚೀಲದಲ್ಲಿದ್ದದ್ದು ಚರ್ಮದ ಮೇಲೆ ಹರಡುತ್ತದೆ. ನಮ್ಮ ಹಾಗೆ ರಕ್ತದಿಂದ ಸೈನ್ಯ ಬರುವ ತನಕ ಕಾಯಬೇಕಾಗಿಲ್ಲ. ಆದರೆ ಖಾಲಿಯಾದ ಚೀಲ ಮತ್ತೆ ತುಂಬಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಇಷ್ಟೆಲ್ಲ ಆಫ್ರಿಕದ ಕಪ್ಪೆಯ ಕಥೆಯಾಯಿತು, ನಮ್ಮ ಗದ್ದೆಯ ಗೂಳಿಗಪ್ಪೆಯ ಕಥೆ ಏನು ಎಂದು ನಾನು ಹುಡುಕಿದೆ. ಸಿಕ್ಕಿತು. ಹೈದರಾಬಾದಿನಲ್ಲಿ ಸಿ.ಸಿ.ಎಂ.ಬಿ. ಎಂಬ ಕೇಂದ್ರ ಸರ್ಕಾರದ ಜೀವಕೋಶ ಸಂಶೋಧನಾ ಕೇಂದ್ರವಿದೆ. ಅಲ್ಲಿಯ ಆರ್. ನಾಗರಾಜ್, ಎನ್. ಸೀತಾರಾಮ್ ಮತ್ತು ಸಂಗಡಿಗರು ಇದೇ ಜಾತಿಯ ಕಪ್ಪೆಯ ಚರ್ಮದ ಸ್ರಾವವನ್ನು ಪರೀಕ್ಷಿಸಿ, ಬ್ಯಾಕ್ಟೀರಿಯಾ ಕೊಲ್ಲುವ ನಾಲ್ಕು ಹೊಸ ಪೆಪ್ಟೈಡುಗಳನ್ನು ಕಂಡುಹಿಡಿದು 2001ರಲ್ಲಿ ಪ್ರಕಟಿಸಿದರು. ಕಪ್ಪೆಯ ಹೆಸರಿನಿಂದಲೇ ಅವಕ್ಕೆ 'ಟೈಗರಿನಿನ್' ಎಂದು ಕರೆದರು. ಮ್ಯಾಗೈನಿನ್‌ನಲ್ಲಿ 23 ಮಣಿಗಳಾದರೆ ಇವುಗಳಲ್ಲಿ 11 ಅಥವಾ 12 ಮಾತ್ರ. ಸುರುಳಿಯಾಗುವುದಿಲ್ಲ, ಎರಡು ಮಣಿಗಳು ಗಂಧಕದ ಕೊಂಡಿಯಿಂದ ಬೆಸೆದುಕೊಂಡು ಉಂಗುರದಂತಾಗುತ್ತವೆ. ಆ ಬಗೆಯ ಉಂಗುರ ಅಲ್ಲಿಯವರೆಗೆ ಬೇರೆ ಯಾವ ಉಭಯವಾಸಿಯ ಪೆಪ್ಟೈಡಿನಲ್ಲೂ ಕಂಡಿರಲಿಲ್ಲ. ಅವುಗಳ ಕೆಲಸವೂ ಬ್ಯಾಕ್ಟೀರಿಯಾದ ಪೊರೆಯನ್ನು ಸೋರುವಂತೆ ಮಾಡುವುದೇ. ಈ ಪ್ರಬಂಧದ ಸಾರಾಂಶ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರ್ಸಾದ ಗದ್ದೆಯ ಅಂಚಿನಲ್ಲಿ ಕುಳಿತ ಆ ಪ್ರಾಣಿಯ ಹೆಸರು ಜಗತ್ತಿನ ರಸಾಯನಶಾಸ್ತ್ರದ ಪುಸ್ತಕ ಸೇರಿದೆ, ನಮಗೆ ಗೊತ್ತೇ ಇಲ್ಲ!

ಹೈದರಾಬಾದಿನವರು ಸ್ರಾವ ಪಡೆದದ್ದು ಅಡ್ರಿನಲಿನ್ ಕೊಟ್ಟು ಚರ್ಮದ ಗ್ರಂಥಿಗಳನ್ನು ಪ್ರಚೋದಿಸಿ. ಹೀಗೆ ಪಡೆಯಲು ಕಪ್ಪೆಯನ್ನು ಕೊಲ್ಲಬೇಕಾಗಿಲ್ಲ. ಮಣಿಗಳ ಕ್ರಮ ಒಮ್ಮೆ ಗೊತ್ತಾದರೆ ಆಮೇಲೆ ಪೆಪ್ಟೈಡನ್ನು ಪ್ರಯೋಗಾಲಯದಲ್ಲೇ ತಯಾರಿಸಬಹುದು, ಅವರು ಹಾಗೆ ತಯಾರಿಸಿಯೂ ನೋಡಿದರು. ಇಲ್ಲಿ ಹಿರಿಯರಿಗೆ ಒಂದು ವಿಷಯ ನೆನಪಾಗಿರಬೇಕು. ಸುನನ್ ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿ ಒಂದು ವರದಿಯಿದೆ. ವೈದ್ಯರೊಬ್ಬರು ಕಪ್ಪೆಯನ್ನು ಔಷಧಿಯಲ್ಲಿ ಹಾಕುವ ಬಗ್ಗೆ ಪ್ರವಾದಿಯವರನ್ನು (ಸ) ಕೇಳಿದಾಗ ಅದನ್ನು ಕೊಲ್ಲಬಾರದೆಂದು ಅವರು ತಡೆದರು. ಫಿಕ್ಹ್ ಚರ್ಚೆ ಉಲಮಾಗಳಿಗೆ ಬಿಟ್ಟದ್ದು, ಅದಕ್ಕೆ ನಾನು ಇಳಿಯುವುದಿಲ್ಲ. ಕಪ್ಪೆ ಮತ್ತು ಔಷಧಿ ಎರಡೂ ಒಂದೇ ವಾಕ್ಯದಲ್ಲಿ ಬರುವ ಆ ವರದಿಯನ್ನು ಚಿಕ್ಕಂದಿನಲ್ಲಿ ಓದಿದ್ದೆ. ಈಗ ಮತ್ತೆ ತೆರೆದು ಓದಿದೆ ಎಂದಷ್ಟೇ ಹೇಳುತ್ತೇನೆ. 2017ರಲ್ಲಿ ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರ ಮತ್ತು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಪಶ್ಚಿಮ ಘಟ್ಟದ ಇನ್ನೊಂದು ಕಪ್ಪೆಯಿಂದ ಫ್ಲೂ ವೈರಸ್ಸಿನ ಒಂದು ಬಗೆಯನ್ನು ನಾಶಮಾಡುವ ಪೆಪ್ಟೈಡನ್ನು ಪಡೆದರು. ಅದಕ್ಕೆ ಕೇರಳದ ಉರುಮಿ ಕತ್ತಿಯ ಹೆಸರು, 'ಉರುಮಿನ್'.

ಆದರೆ ಚರ್ಮದ ಕಾವಲನ್ನೂ ದಾಟಿ ಬರುವ ಬ್ಯಾಕ್ಟೀರಿಯಾಗಳಿವೆ. ಆಗ ಒಳಗಿನ ಸೈನ್ಯ ಏಳುತ್ತದೆ. ಅದು ಬಹಳಷ್ಟು ನಮ್ಮದರ ಹಾಗೆಯೇ ಇದೆ. ಬ್ಯಾಕ್ಟೀರಿಯಾದ ಗೋಡೆಯ ತುಣುಕುಗಳನ್ನು ಗುರುತಿಸಿ ಎಚ್ಚರಿಸುವ ವ್ಯವಸ್ಥೆ, ಅವನ್ನು ನುಂಗುವ ಬಿಳಿ ರಕ್ತಕಣಗಳು, ರಕ್ತದಲ್ಲಿ ತೇಲುತ್ತ ಬ್ಯಾಕ್ಟೀರಿಯಾದ ಮೇಲೆ ಗುರುತು ಹಾಕುವ ಪ್ರೋಟೀನುಗಳು, ಇವು ಮೊದಲು ಬರುತ್ತವೆ. ಆಮೇಲೆ ಪ್ರತಿಕಾಯಗಳು. ಥೈಮಸ್ ಗ್ರಂಥಿ, ಗುಲ್ಮ ಎರಡೂ ಕಪ್ಪೆಗಿವೆ. ನಮ್ಮ ಕಂಕುಳಿನಲ್ಲಿ, ತೊಡೆಸಂದಿನಲ್ಲಿ ಗಾಯವಾದಾಗ ಗಡ್ಡೆ ಕಟ್ಟುತ್ತದಲ್ಲ, ಆ ದುಗ್ಧಗ್ರಂಥಿಗಳು ಮಾತ್ರ ಇಲ್ಲ. ಪ್ರತಿಕಾಯಗಳು ತಯಾರಾಗಲು ವಾರಗಳು ಬೇಕು, ಮತ್ತೆ ಮತ್ತೆ ಅದೇ ರೋಗ ಬಂದರೂ ನಮ್ಮಲ್ಲಿ ಹರಿತವಾಗುವಷ್ಟು ಅವು ಹರಿತವಾಗುವುದಿಲ್ಲ. ಕಪ್ಪೆ ಶೀತರಕ್ತದ ಪ್ರಾಣಿಯಾದ್ದರಿಂದ ಚಳಿ ಹೆಚ್ಚಾದರೆ ಈ ಸೈನ್ಯ ಇನ್ನೂ ನಿಧಾನ. ಒಟ್ಟಿನಲ್ಲಿ ಚರ್ಮದ ಮದ್ದು ಮೊದಲ ಗಂಟೆಗಳನ್ನು ಕಾಯುತ್ತದೆ, ಒಳಗಿನವರು ನಿಧಾನವಾಗಿ ಬಂದು ಉಳಿದದ್ದನ್ನು ನೋಡಿಕೊಳ್ಳುತ್ತಾರೆ.

ಇದರಲ್ಲಿ ನನಗೆ ಬಹಳ ಆಶ್ಚರ್ಯವಾದದ್ದು ಗೊದಮೊಟ್ಟೆಯ ವಿಷಯ. ಬಾಲ ಕರಗಿ ಕಾಲು ಮೂಡುವ ದಿನಗಳಲ್ಲಿ ಅದರ ದೇಹದಲ್ಲಿ ಹೊಸ ಹೊಸ ಪ್ರೋಟೀನುಗಳು ಹುಟ್ಟುತ್ತವೆ. ಗೊದಮೊಟ್ಟೆಯ ಕಾಲದ ಸೈನಿಕರಿಗೆ ಇವು ಪರಕೀಯವಾಗಿ ಕಾಣಬಹುದು, ತಮ್ಮ ದೇಹದ ಮೇಲೆಯೇ ದಾಳಿ ಮಾಡಬಹುದು. ಹಾಗಾಗದಂತೆ ದೇಹ ಹಳೆಯ ರೋಗ ನಿರೋಧಕ ಕಣಗಳಲ್ಲಿ ಬಹಳಷ್ಟನ್ನು ಕಳೆದುಕೊಂಡು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಚರ್ಮದ ಮದ್ದಿನ ಚೀಲಗಳು ಪೂರ್ತಿ ಬೆಳೆಯುವುದೂ ಆ ಹೊತ್ತಿಗೇ. ಅಂದರೆ ಮಳೆಗಾಲದಲ್ಲಿ ರಸ್ತೆಯ ಪಕ್ಕದ ಹೊಂಡಗಳಿಂದ ಗುಂಪಾಗಿ ಹೊರಬರುವ, ತುಂಡು ಬಾಲ ಇನ್ನೂ ಉಳಿದಿರುವ ಬೆರಳುಗುರಿನಷ್ಟು ಮರಿಗಳು ಹಳೆಯ ಸೈನ್ಯ ಹೋಗಿ ಹೊಸದು ಬರುವ ನಡುವಿನ ಗಳಿಗೆಯಲ್ಲಿವೆ. ಅವುಗಳ ಮೈಮೇಲೆ ಉಪ್ಪು ಎರಚಿ ಆಡುವ ಹುಡುಗರು ಈ ಸಭೆಯಲ್ಲೂ ಇದ್ದಾರೆ, ಹೆಸರು ಹೇಳುವುದಿಲ್ಲ.

ಹಾಗಾದರೆ ಕಪ್ಪೆಗೆ ಬ್ಯಾಕ್ಟೀರಿಯಾದಿಂದ ರೋಗವೇ ಬರುವುದಿಲ್ಲವೇ? ಬರುತ್ತದೆ. 'ಕೆಂಪು ಕಾಲು' ಎಂಬ ರೋಗವನ್ನು 1905ರಲ್ಲೇ ಅಮೆರಿಕದ ವಿಜ್ಞಾನಿಗಳು ವರ್ಣಿಸಿದ್ದಾರೆ. ತೊಡೆಯ ಒಳಭಾಗದ ಚರ್ಮದ ಕೆಳಗೆ ರಕ್ತ ಒಸರಿ ಕೆಂಪಾಗುತ್ತದೆ, ಕಪ್ಪೆ ಮಂಕಾಗುತ್ತದೆ, ಸಾಯುತ್ತದೆ. ಬಹಳ ಸಲ ಇದರ ಹಿಂದೆ ಇರುವುದು ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಚರ್ಮದ ಅನೇಕ ಪೆಪ್ಟೈಡುಗಳಿಗೆ ಇದು ಬಗ್ಗುವುದಿಲ್ಲ, ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ತಾನೇ ಸ್ರವಿಸುತ್ತದೆ. ವಿಚಿತ್ರವೆಂದರೆ ಇದೇ ಬ್ಯಾಕ್ಟೀರಿಯಾ ಆರೋಗ್ಯವಂತ ಕಪ್ಪೆಯ ಕರುಳಿನಲ್ಲೂ, ಕೆರೆಯ ನೀರಿನಲ್ಲೂ ಸದಾ ಇರುತ್ತದೆ, ಏನೂ ಮಾಡುವುದಿಲ್ಲ. ಕಪ್ಪೆಗಳನ್ನು ಒತ್ತೊತ್ತಾಗಿ ತುಂಬಿದಾಗ, ಮೈ ತರಚಿದಾಗ, ಚಳಿಯಲ್ಲಿ ಇಟ್ಟಾಗ, ಭಯಪಡಿಸಿದಾಗ ಏಳುತ್ತದೆ. ಭಯದ ಕಾಲದಲ್ಲಿ ಹುಟ್ಟುವ ಕಾರ್ಟಿಕೊಸ್ಟೆರೋನ್ ಎಂಬ ಹಾರ್ಮೋನು ಹೆಚ್ಚು ಕಾಲ ಉಳಿದರೆ ಒಳಗಿನ ಸೈನ್ಯವನ್ನು ಕುಗ್ಗಿಸುತ್ತದೆ. ಚರ್ಮದ ಚೀಲಗಳು ಆಗಲೇ ಖಾಲಿಯಾಗಿರುತ್ತವೆ.

ಒತ್ತೊತ್ತಾಗಿ ತುಂಬುವುದು ಎಂದ ಕೂಡಲೇ ಕಾರವಾರದವರಿಗೆ ಗೋಣಿಚೀಲ ನೆನಪಾಗಬೇಕು. ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದರೆ ಗೋವಾ. ಅಲ್ಲಿ ಮಳೆಗಾಲದಲ್ಲಿ ಗೂಳಿಗಪ್ಪೆಯ ಕಾಲಿಗೆ 'ಜಂಪಿಂಗ್ ಚಿಕನ್' ಎಂದು ಹೆಸರು, ಗುಟ್ಟಾಗಿ ಒಳ್ಳೆಯ ಬೆಲೆ. ನಮ್ಮ ಕಡೆಯ ಗದ್ದೆಗಳಿಂದ ರಾತ್ರಿ ಟಾರ್ಚ್ ಹಾಕಿ ಹಿಡಿದು ಸಾಗಿಸುವಾಗ ಅರಣ್ಯ ಇಲಾಖೆಯವರು ಹಿಡಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದು ಅಪರಾಧ. ಹಿಂದೆ ನಮ್ಮ ದೇಶವೇ ಕಪ್ಪೆಕಾಲನ್ನು ವಿದೇಶಕ್ಕೆ ರಫ್ತು ಮಾಡುತ್ತಿತ್ತು, ಅದನ್ನು ನಿಲ್ಲಿಸಿದ್ದು 1987ರಲ್ಲಿ. ಮ್ಯಾಗೈನಿನ್ ಪ್ರಕಟವಾದದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ, ಆದರೂ ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡಾಗ ನಾನು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ.

ಗೋಣಿಚೀಲಕ್ಕಿಂತ ನಿಶ್ಶಬ್ದವಾದದ್ದು ಕೀಟನಾಶಕ. ಕಾರ್ಬರಿಲ್ ಎಂಬ ಔಷಧವನ್ನು ಕಪ್ಪೆ ಸಾಯದಷ್ಟು ಕಡಿಮೆ ಪ್ರಮಾಣದಲ್ಲಿ ಕೊಟ್ಟು ನೋಡಿದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಕಪ್ಪೆಗಳು ಬದುಕಿದ್ದವು, ಆದರೆ ಅವುಗಳ ಚರ್ಮದ ಪೆಪ್ಟೈಡುಗಳು ಗಣನೀಯವಾಗಿ ಇಳಿದಿದ್ದವು. ನಮ್ಮಲ್ಲಿ ಔಷಧ ಹೊಡೆದ ಮರುದಿನ ಗದ್ದೆಯಲ್ಲಿ ಕಪ್ಪೆ ಸತ್ತು ಬೀಳದಿದ್ದರೆ 'ಏನೂ ಆಗಲಿಲ್ಲ' ಎನ್ನುತ್ತೇವೆ.

ಈಗ ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ಅಬ್ಬಾ ಅಂಕೋಲೆಯ ಪೇಟೆಯಲ್ಲಿ ಸಣ್ಣ ಅಂಗಡಿ ನಡೆಸುತ್ತಿದ್ದವರು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ಮಳೆಗಾಲದಲ್ಲಿ ಒದ್ದೆ ಚಪ್ಪಲಿ ಉಜ್ಜಿ ಬೆರಳಿನ ಸಂದಿಯಲ್ಲಿ ಹುಣ್ಣಾಯಿತು. ವೈದ್ಯರ ಬಳಿ ಹೋಗದೆ ನಾನೇ ಮೆಡಿಕಲ್ ಅಂಗಡಿಗೆ ಹೋಗಿ ಆ್ಯಂಟಿಬಯೋಟಿಕ್ ಮಾತ್ರೆ ತಂದೆ. ಮೂರು ದಿನಕ್ಕೆ ನೋವು ಕಡಿಮೆಯಾಯಿತು, ನಿಲ್ಲಿಸಿದೆವು. ಮತ್ತೆ ಹದಿನೈದು ದಿನಕ್ಕೆ ಹುಣ್ಣು ತೆರೆಯಿತು, ಮತ್ತೆ ಮೂರು ದಿನ ಮಾತ್ರೆ. ಹೀಗೆ ನಾಲ್ಕು ಸಲ. ಕೊನೆಗೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಕೀವನ್ನು ಪರೀಕ್ಷೆಗೆ ಕಳಿಸಿದರು. ವರದಿಯಲ್ಲಿ ಔಷಧಿಗಳ ಹೆಸರಿನ ಸಾಲು, ಎದುರಿಗೆ ಒಂದೊಂದು ಅಕ್ಷರ. 'ಎಸ್' ಎಂದಿದ್ದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, 'ಆರ್' ಎಂದಿದ್ದರೆ ಸಾಯುವುದಿಲ್ಲ. ಮೇಲಿನಿಂದ ಕೆಳಗೆ ಓದುತ್ತ ಹೋದೆ. ಆರ್, ಆರ್, ಆರ್. ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಅಬ್ಬಾ ಯಾರನ್ನೂ ದೂರಲಿಲ್ಲ. ಮಾತ್ರೆ ತಂದವಳು ನಾನು. ಚೀಟಿಯಿಲ್ಲದೆ ಮಾತ್ರೆ ಕೊಟ್ಟ ಅಂಗಡಿಯವನಿಗಿಂತ, ಓದಿದವಳಾದ ನನ್ನ ತಪ್ಪೇ ದೊಡ್ಡದು.

ಆದ್ದರಿಂದ ಕಪ್ಪೆಯ ಪೆಪ್ಟೈಡಿನಿಂದ ಇಂಥದೇ ಹುಣ್ಣಿಗೆ ಮುಲಾಮು ಮಾಡಿದ್ದರು ಎಂದು ಓದಿದಾಗ ನನ್ನ ಕೈ ನಡುಗಿತು. ಮ್ಯಾಗೈನಿನ್ನನ್ನು ಸ್ವಲ್ಪ ಬದಲಿಸಿ 'ಪೆಕ್ಸಿಗನಾನ್' ಎಂಬ ಔಷಧ ತಯಾರಿಸಿ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೇ ಪರೀಕ್ಷಿಸಿದರು. 1999ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಒಪ್ಪಿಗೆ ಕೊಡಲಿಲ್ಲ. ಮತ್ತೆ ದೊಡ್ಡ ಪರೀಕ್ಷೆಗಳು ನಡೆದವು. 2016ರಲ್ಲಿ ಫಲಿತಾಂಶ ಬಂತು: ಮದ್ದಿಲ್ಲದ ಬರಿಯ ಕ್ರೀಮಿಗಿಂತ ಅದು ಮೇಲೆಂದು ಸಾಬೀತಾಗಲಿಲ್ಲ. ಕಪ್ಪೆಯ ಮೈಮೇಲೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದು ಮನುಷ್ಯನ ಹುಣ್ಣಿನಲ್ಲಿ ಸೋತಿತು.

ಇದರ ಜೊತೆ ಇನ್ನೊಂದು ಪ್ರಯೋಗವನ್ನು ನೀವು ತಿಳಿಯಬೇಕು. ಇಂಥ ಪೆಪ್ಟೈಡಿಗೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದು ಬಹಳ ಕಷ್ಟ, ಏಕೆಂದರೆ ಅದು ತನ್ನ ಪೊರೆಯನ್ನೇ ಬದಲಿಸಿಕೊಳ್ಳಬೇಕಾಗುತ್ತದೆ ಎಂದು ಝಾಸ್ಲಾಫ್ ನಂಬಿದ್ದರು. ಗ್ರಹಾಂ ಬೆಲ್ ಎಂಬ ಜೀವವಿಕಾಸ ವಿಜ್ಞಾನಿ ಒಪ್ಪಲಿಲ್ಲ. ಜಗಳವಾಡುವ ಬದಲು ಇಬ್ಬರೂ ಸೇರಿ, ಗೇಬ್ರಿಯಲ್ ಪೆರಾನ್ ಜೊತೆ ಪ್ರಯೋಗ ಮಾಡಿದರು. ಬ್ಯಾಕ್ಟೀರಿಯಾದ 24 ವಂಶಗಳನ್ನು ಪೆಕ್ಸಿಗನಾನ್ ಪ್ರಮಾಣ ಸ್ವಲ್ಪ ಸ್ವಲ್ಪ ಏರಿಸುತ್ತ 600ರಿಂದ 700 ತಲೆಮಾರುಗಳವರೆಗೆ ಬೆಳೆಸಿದರು. 22 ವಂಶಗಳು ಒಗ್ಗಿಕೊಂಡವು. 2006ರಲ್ಲಿ ಪ್ರಕಟವಾದ ಆ ಪ್ರಬಂಧದಲ್ಲಿ ಝಾಸ್ಲಾಫ್ ಅವರ ಹೆಸರೂ ಇದೆ. ತನ್ನ ಅಭಿಪ್ರಾಯ ತಪ್ಪೆಂದು ತೋರಿಸುವ ಪ್ರಬಂಧಕ್ಕೆ ತಾನೇ ಸಹಿ ಹಾಕಿದ ಈ ಮನುಷ್ಯನ ಬಗ್ಗೆ ನನಗೆ ಮ್ಯಾಗೈನಿನ್ ಕಂಡುಹಿಡಿದದ್ದಕ್ಕಿಂತ ಹೆಚ್ಚು ಗೌರವ ಹುಟ್ಟಿತು.

ಒಂದು ಆಯುಧವನ್ನು ಸ್ವಲ್ಪ ಸ್ವಲ್ಪವಾಗಿ, ಸಾಯಿಸದಷ್ಟು ಕೊಡುತ್ತ ಹೋಗುವುದು. ಪ್ರಯೋಗಾಲಯದಲ್ಲಿ ಅವರು ಬೇಕೆಂದೇ ಮಾಡಿದ್ದು ಅದು. ಅಬ್ಬಾನ ಕಾಲಿನಲ್ಲಿ ನಾನು ಗೊತ್ತಿಲ್ಲದೆ ಮಾಡಿದ್ದೂ ಅದೇ. ಕಪ್ಪೆ ಹಾಗೆ ಮಾಡುವುದಿಲ್ಲ. ರಷ್ಯದ ಒಂದು ಕಂದು ಕಪ್ಪೆಯ ಚರ್ಮದಲ್ಲಿ ಮಾಸ್ಕೋದ ವಿಜ್ಞಾನಿಗಳು 2012ರಲ್ಲಿ 76 ಹೊಸ ಪೆಪ್ಟೈಡುಗಳನ್ನು ಪಟ್ಟಿ ಮಾಡಿದರು. ಅಲ್ಲಿಯ ಹಳ್ಳಿಗಳಲ್ಲಿ ಹಾಲು ಒಡೆಯದಿರಲಿ ಎಂದು ಹಿಂದೆ ಪಾತ್ರೆಯಲ್ಲಿ ಕಪ್ಪೆ ಬಿಡುತ್ತಿದ್ದರಂತೆ! ಗಾಯವಾದಾಗ ಕಪ್ಪೆ ಹಲವು ಬಗೆಯ ಪೆಪ್ಟೈಡುಗಳ ಮಿಶ್ರಣವನ್ನು ಒಮ್ಮೆಗೇ, ಧಾರಾಳವಾಗಿ ಸುರಿಯುತ್ತದೆ. ಚರ್ಮದ ಮೇಲೆ ವಾಸಿಸುವ ಉಪಕಾರಿ ಬ್ಯಾಕ್ಟೀರಿಯಾಗಳೂ ಜೊತೆಗಿರುತ್ತವೆ, ಒಳಗಿನಿಂದ ಬಿಳಿ ರಕ್ತಕಣಗಳು ಹಿಂದೆಯೇ ಬರುತ್ತವೆ. ನಾವು ಅದರಿಂದ ಒಂದೇ ಒಂದು ಪೆಪ್ಟೈಡನ್ನು ಎತ್ತಿ ಕ್ರೀಮಿಗೆ ಹಾಕಿದೆವು. ಆ ಸೋಲಿಗೆ ಬೇರೆ ಕಾರಣಗಳೂ ಇರಬಹುದು, ನಾನು ವೈದ್ಯಳಲ್ಲ. ಆದರೆ ನನಗೆ ಅರ್ಥವಾದದ್ದು ಇಷ್ಟು.

ಹಾಗಂತ ಯಾರೂ ಮನೆಗೆ ಹೋಗಿ ಗಾಯಕ್ಕೆ ಕಪ್ಪೆ ಉಜ್ಜಬೇಡಿ. ಅದರ ಮೈಮೇಲೆ ನಮಗೆ ಕಾಯಿಲೆ ತರುವ ಬ್ಯಾಕ್ಟೀರಿಯಾಗಳೂ ಇರುತ್ತವೆ, ಒರಟು ಮೈಯ ನೆಲಗಪ್ಪೆಗಳ ಸ್ರಾವ ವಿಷ. ಮುಟ್ಟಲೇಬೇಕಾದರೆ ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಒಣ ಕೈ ಅದರ ಲೋಳೆಯನ್ನು ಕಿತ್ತುಹಾಕುತ್ತದೆ. ಬಿಟ್ಟ ಮೇಲೆ ಸಾಬೂನಿನಿಂದ ತೊಳೆದುಕೊಳ್ಳಿ. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಕಂಡರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಔಷಧವಲ್ಲ. ನಿಮ್ಮ ಮನೆಯಲ್ಲಿ ನನ್ನಂಥ ಓದಿದ ಮಗಳು ಅಂಗಡಿಗೆ ಹೊರಟರೆ ತಡೆಯಿರಿ.

ಈ ಭಾಷಣ ಬರೆದು ಮುಗಿಸಿದ ವಾರ ಆ ಹುಡುಗನನ್ನು ಕರೆದು ಎಲ್ಲ ಹೇಳಿದೆ. ಈಗ ಅವನು ಹತ್ತನೆಯ ತರಗತಿ. ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಟೀಚರ್, ಅದರ ಚೀಲ ಈಗ ಮತ್ತೆ ತುಂಬಿರ್ತದೋ?" ಎಂದು ಕೇಳಿದ. ಒಂದು ವರ್ಷವಾಯಿತಲ್ಲ, ತುಂಬಿರುತ್ತದೆ ಅಂದೆ. ಮರುದಿನ ಸಂಜೆ ಅವನ ಮನೆಯ ಹಿಂದಿನ ಗದ್ದೆಗೆ ಕರೆದುಕೊಂಡು ಹೋದ. ಮಳೆ ಹನಿಯುತ್ತಿತ್ತು. ಅಂಚಿನ ಮೇಲೆ ಇಬ್ಬರೂ ಕೊಡೆ ಹಿಡಿದು ನಿಂತೆವು. ನಾವು ಹತ್ತಿರವಾದದ್ದೇ ತಡ, ಹುಲ್ಲಿನಿಂದ ದೊಡ್ಡದೊಂದು ನೀರಿಗೆ ಹಾರಿತು. "ಬೆನ್ನ ಮೇಲಿನ ಗೆರೆ ಕಂಡಿತೋ ಟೀಚರ್?" ಎಂದ. ನನಗೆ ಕಾಣಲಿಲ್ಲ. ಅವನಿಗೆ ಕಂಡಿತಂತೆ.